‘ಹಗೇದವರು’ ಅಂದರೆ ಯಾರು? ನಮ್ಮ ಮನೆತನದ ಹೆಸರಿನ ಬೇರು ಸಿಕ್ಕ ಕಥೆ

ನಮ್ಮ ಮನೆತನವನ್ನು ಊರ ಕಡೆ ‘ಹಗೇದವರು’ ಅನ್ನುತ್ತಾರೆ. ಹಗೆ ಸಾಧಿಸಿ ಯಾರನ್ನೋ ಕೊಂದು ಊರು ಬಿಟ್ಟವರು ಎಂದು ನಮ್ಮ ದೊಡ್ಡಪ್ಪ ಕೊನೆಯವರೆಗೂ ನಂಬಿದ್ದರು. ಅಕ್ಕನಿಗೆ ಬಂದಿದ್ದ ಒಳ್ಳೆಯ ಸಂಬಂಧವೊಂದು ಈ ಮಾತು ಕಿವಿಗೆ ಬಿದ್ದದ್ದರಿಂದಲೇ ಮುರಿಯಿತು. ಆ ನೋವು ನನ್ನನ್ನು ಬಿಡಲಿಲ್ಲ. ಸುಮಾರು 5 ವರ್ಷ, ಹತ್ತಿರ ಹತ್ತಿರ 40,000 ರೂಪಾಯಿ ಹೋಯಿತು. ಕೊನೆಗೂ ಸಿಕ್ಕಿತು. ಈಗ ನಮ್ಮ ಕಡೆಯವರು ಮದುವೆ ಪತ್ರಿಕೆ ಅಚ್ಚಿಗೆ ಕೊಡುವ ಮುಂಚೆ ನನಗೆ ತೋರಿಸುತ್ತಾರೆ.

ಮೊದಲು ದುಡ್ಡು ಕಳೆದದ್ದನ್ನು ಹೇಳುತ್ತೇನೆ. ಹೆಸರಿನ ಮೂಲ ಹೇಳುತ್ತೇನೆ ಅಂದ ಒಬ್ಬರಿಗೆ 4,500 ಕೊಟ್ಟೆ. ಅವರು ಹಗೆಯ ಕಥೆಗೇ ಇನ್ನೆರಡು ಕೊಲೆ ಸೇರಿಸಿ, ನೀಟಾಗಿ ಟೈಪ್ ಮಾಡಿ ಕೊಟ್ಟರು. ಆಮೇಲೆ ಶಾಸನಗಳಿಗೆ ಕೈ ಹಾಕಿದೆ. ರೈಸ್ ಸಾಹೇಬರ ‘ಎಪಿಗ್ರಾಫಿಯಾ ಕರ್ನಾಟಿಕ’ ಅನ್ನುವ ಶಾಸನ ಸಂಪುಟಗಳಲ್ಲಿ ತುಮಕೂರು ಜಿಲ್ಲೆಯ 12ನೇ ಸಂಪುಟ ಹಿಡಿದು ‘ಹ’ ಅಕ್ಷರದಲ್ಲೇ ಮೂರು ತಿಂಗಳು ಹುಡುಕಿದೆ. ಶುದ್ಧ ದಡ್ಡತನ. ಹಳಗನ್ನಡದ ‘ಪ’ ಆಮೇಲೆ ‘ಹ’ ಆಯಿತೆಂದು ಶಾಲೆಯಲ್ಲೇ ಓದಿದ್ದೇವೆ, ಹುಡುಕುವಾಗ ಮಾತ್ರ ಮರೆಯುತ್ತೇವೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ, ಕ್ರಿ.ಶ. 750ರ ಸುಮಾರಿನ ಕಿಟ್ಟಯ್ಯನ ವೀರಗಲ್ಲಿನಲ್ಲಿ ಆ ಊರಿನ ಹೆಸರು ಪೆರ್ಬೊಳಲ್. ಹೆಗ್ಗಡೆ ಬೇಕಿದ್ದರೆ ಪೆರ್ಗಡೆ, ಗೌಡ ಬೇಕಿದ್ದರೆ ಗಾಮುಂಡ, ಗಾವುಂಡ ನೋಡಬೇಕು. ‘ಪ’ದಲ್ಲಿ ಮತ್ತೆ ಹುಡುಕಿದೆ. ನಮ್ಮ ಮನೆತನ ಅಲ್ಲೂ ಇರಲಿಲ್ಲ. ಆದರೂ ಆ ಕಲ್ಲಿನ ಮುಂದೆ ನಿಂತಾಗ ಮೈ ಜುಮ್ಮೆಂದಿತು. ಕಿಟ್ಟ ಅಂತ ಇವತ್ತೂ ನಾವು ಮನೆ ಹುಡುಗರನ್ನು ಕರೆಯುತ್ತೇವೆ.

ಇನಿಷಿಯಲ್ ಹಿಡಿದು ಹೊರಟದ್ದು ಇನ್ನೊಂದು ತಪ್ಪು. ಹಳೇ ಮೈಸೂರಿನ ಕಡೆ ಮೊದಲಕ್ಷರ ಊರಿನದು, ಎರಡನೆಯದು ಅಪ್ಪನದು, ಸರಿ. ಆದರೆ ಆ ಊರು ಹುಟ್ಟಿದ ಊರೇ ಆಗಬೇಕಿಲ್ಲ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ಅವರ ‘ಎಂ’ ಆಂಧ್ರದ ಮೋಕ್ಷಗುಂಡಂ. ಡಿವಿಜಿಯವರು ಹುಟ್ಟಿದ್ದು ಮುಳಬಾಗಿಲಿನಲ್ಲಿ, ‘ಡಿ’ ಮಾತ್ರ ದೇವನಹಳ್ಳಿ. ನನ್ನ ‘ಬಿ’ ಹಿಂದೆ ಬಿದ್ದು ಬಿ ಅಕ್ಷರದ ಆರು ಹಳ್ಳಿ ಸುತ್ತಿದೆ, ಬಸ್ಸು, ಬಾಡಿಗೆ ಕಾರು ಸೇರಿ 9,000 ಆಯಿತು. ಆಮೇಲೆ ಅಮ್ಮ ಹೇಳಿದರು, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬೆಂಗಳೂರು ಅಂತ ಬರೆದುಕೊಂಡದ್ದಂತೆ!

ದಾರಿ ತೋರಿಸಿದ್ದು ತಾತಂದಿರ ಹೆಸರುಗಳು. ಮೊಮ್ಮಗನಿಗೆ ತಾತನ ಹೆಸರಿಡುವ ಮನೆಗಳಲ್ಲಿ ಎರಡು ಮೂರು ಹೆಸರೇ ತಲೆ ಬಿಟ್ಟು ತಲೆಗೆ ಸುತ್ತುತ್ತಿರುತ್ತವೆ. ನಮ್ಮಲ್ಲಿ ಸುತ್ತುತ್ತಿದ್ದದ್ದು ಓಬಳಪ್ಪ, ಕದಿರಪ್ಪ. ಓಬಳ ಅಂದರೆ ಅಹೋಬಲ, ಕದಿರ ಅಂದರೆ ಕದಿರಿ. ಎರಡೂ ನರಸಿಂಹನ ಕ್ಷೇತ್ರ. ಈಗಿನ ನಮ್ಮ ಮನೆಯಲ್ಲಿ ನರಸಿಂಹನ ಪಟ ಕೂಡ ಇಲ್ಲ! “ಸತ್ತವರ ಹೆಸರು ಹಿಡ್ಕೊಂಡು ಊರು ಹುಡುಕ್ತೀಯೇನಪ್ಪಾ?” ಅಂತ ಚಿಕ್ಕಪ್ಪ ಎಲ್ಲರೆದುರಿಗೇ ಕೇಳಿದರು. ನಾನು ಹುಡುಕಿದ್ದು ಊರನ್ನಲ್ಲ, ದೇವರ ಒಕ್ಕಲನ್ನು. ಶಿರಾ, ಮಧುಗಿರಿ ಕಡೆಯ ನರಸಿಂಹನ ಗುಡಿಗಳ ಪರಿಷೆಗೆ ಎರಡು ವರ್ಷ ಹೋದೆ. ನಾಲ್ಕನೆಯ ಗುಡಿಯಲ್ಲಿ ಒಬ್ಬ ಅಜ್ಜಿ, “ಹಗೇದೋರ? ನಿಮ್ಮೋರು ಬೆಂಗಳೂರಿಗೆ ಹೋಗಿ ಮೂರು ತಲೆ ಆಯ್ತಲ್ಲಪ್ಪ, ಹೆಳವ ಬಂದಾಗೆಲ್ಲ ಕೇಳ್ತಾನೆ” ಅಂದರು.

ಹೆಳವರು ಅಂದರೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವವರು. ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ ವಂಶ ಹೊಗಳುತ್ತಿದ್ದ ಕಾಲ ಹೋಯಿತು. ನಮ್ಮ ಹೆಳವರು ಬಂದದ್ದು ಬೈಕಿನಲ್ಲಿ, ಚೀಲದಲ್ಲಿ ಹಳೇ ಪುಸ್ತಕ. ಅವರಿಗಾಗಿ ಎಂಟು ತಿಂಗಳು ಕಾದಿದ್ದೆ. ಯಾವ ಹೆಳವರು ಯಾವ ಊರಿಗೆ ಸೇರಿದವರೆಂದು ತಿಳಿಯುವುದು ಹೇಗೆ, ಮೊದಲು ಏನು ಕೇಳಿದರೆ ಅವರು ಮನಸ್ಸು ಬಿಚ್ಚುತ್ತಾರೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಪಟ್ಟ ಪಾಡು ದೊಡ್ಡದು. 3,000 ರೂಪಾಯಿ, ಒಂದು ಮೂಟೆ ರಾಗಿ ಕೊಟ್ಟೆ. ಏಳು ತಲೆ ಹೇಳಿದರು. ಐದನೆಯ ತಲೆಗೆ ಬಂದಾಗ, “ಊರ ಹಗೇವು ಕಾದವರು” ಅಂದರು.

ಹಗೇವು! ರಾಗಿ ತುಂಬುವ ನೆಲದಡಿಯ ಕಣಜ. ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆದ ಕೂಡಲೇ ಇಳಿದರೆ ಉಸಿರು ಕಟ್ಟುತ್ತದೆ, ಮೊದಲು ದೀಪ ಇಳಿಸಿ ನೋಡುತ್ತಿದ್ದರು. ಹಗೇವು ತೆಗೆಯುವ ದಿನ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ ಅಂತ ನಮ್ಮ ಅಮ್ಮನೇ ಹೇಳುತ್ತಿದ್ದರು. ಆದರೂ ಹೆಸರಿಗೂ ಅದಕ್ಕೂ ನಂಟು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಹೆಳವರ ಬಾಯಿಮಾತು ಸಾಲದೆಂದು ಚಿಕ್ಕಪ್ಪ ಪಟ್ಟು ಹಿಡಿದರು. ನನಗೂ ಸಾಲದು ಅನ್ನಿಸಿತ್ತು. ಆ ಊರಿನಲ್ಲಿ ನಮ್ಮ ಹಳೇ ಸರ್ವೆ ನಂಬರಿನ ಪಹಣಿ, ಮ್ಯುಟೇಷನ್ ಎಲ್ಲ ತೆಗೆಸಿದೆ. ಅವುಗಳಲ್ಲಿ ಇವರು ಬಿನ್ ಅವರು ಅಂತಷ್ಟೇ ಇರುತ್ತದೆ, ಮನೆತನ ಇರುವುದಿಲ್ಲ. ಆಗ ಅಕ್ಕಪಕ್ಕದ ಹೊಲದವರ ಕ್ರಯಪತ್ರ ಕೇಳಿದೆ. ನಮ್ಮ ಪತ್ರದಲ್ಲಿ ನಮ್ಮನ್ನು ಅಡ್ಡಹೆಸರಿನಿಂದ ಕರೆದುಕೊಳ್ಳುವುದಿಲ್ಲ, ಪಕ್ಕದವರು ಚಕ್ಕುಬಂದಿ, ಅಂದರೆ ಹೊಲದ ನಾಲ್ಕೂ ದಿಕ್ಕಿನ ಗಡಿ, ಬರೆಸುವಾಗ ಬಾಯಿಗೆ ಬಂದ ಹಾಗೇ ಬರೆಸುತ್ತಾರೆ. ಮೂರು ಮನೆಯವರು ಕಾಗದ ತೋರಿಸಲೇ ಇಲ್ಲ. ನಾಲ್ಕನೆಯವರ ಟ್ರಂಕಿನಲ್ಲಿ 1930ರ ಆಸುಪಾಸಿನದೊಂದಿತ್ತು: “ಉತ್ತರಕ್ಕೆ ಊರ ಹಗೇವುಗಳಿರುವ ದಿಬ್ಬ ಮತ್ತು ಹಗೇವಿನವರ ಹೊಲ.” ಹಗೇವಿನವರು ಮಾತಿನಲ್ಲಿ ಸವೆದು ಹಗೇದವರು. ಅಲ್ಲೇ ಫೋಟೊ ಹೊಡೆದು ಅಕ್ಕನಿಗೆ ಕಳಿಸಿದೆ. ಅವಳು ಫೋನಿನಲ್ಲಿ ಮಾತಾಡಲಾರದೆ ಅತ್ತಳು.

ಈ ಗುಂಗಿನಲ್ಲಿ ಬೆಂಗಳೂರಿನ ಶ್ರೀನಗರದ ನಮ್ಮ ಬೀದಿಯಲ್ಲೂ ಪ್ರಯೋಗ ಮಾಡಿದೆ. 30 ಮನೆಯವರ ಹತ್ತಿರ ತಾತ, ಅಜ್ಜಿಯರ ಹೆಸರು ಮಾತ್ರ ಕೇಳಿ ಸೀಮೆ ಹೇಳುವುದು. ಮುನಿಯಪ್ಪ, ಮುನಿಯಮ್ಮ ಬಂದರೆ ಬೆಂಗಳೂರು ಸುತ್ತಮುತ್ತ ಇಲ್ಲವೇ ಕೋಲಾರ. ಮಾದಪ್ಪ ಅಂದರೆ ಮಲೆ ಮಹದೇಶ್ವರನ ಸೀಮೆ, ಚೆಲುವಯ್ಯ ಅಂದರೆ ಮೇಲುಕೋಟೆಯ ಒಕ್ಕಲು, ಬೋರೇಗೌಡ ಅಂದರೆ ಮಂಡ್ಯದ ಕಡೆ. ಇಪ್ಪತ್ತರಷ್ಟು ಸರಿಹೋಯಿತು. ಹುಬ್ಬಳ್ಳಿ ಕಡೆಯ ಉಳ್ಳಾಗಡ್ಡಿ ಮನೆತನದವರ ಹತ್ತಿರ ನನ್ನ ವಿದ್ಯೆ ನಡೆಯಲಿಲ್ಲ. ಅಲ್ಲಿ ಅಡ್ಡಹೆಸರೇ ಗಟ್ಟಿ, ಅದಕ್ಕೆ ಬೇರೆ ದಾರಿ ಬೇಕು.

ಒಂದು ತಪ್ಪು ಮಾತ್ರ ಇನ್ನೂ ಚುಚ್ಚುತ್ತದೆ. ಸಾಕಮ್ಮ ಅನ್ನುವ ಹಿರಿಯರೊಬ್ಬರಿಗೆ, “ಹೆಣ್ಣುಮಕ್ಕಳು ಇನ್ನು ಸಾಕು ಅಂತ ಇಟ್ಟಿರಬೇಕು” ಅಂದುಬಿಟ್ಟೆ. ಅವರ ಮುಖ ಸಣ್ಣಗಾಯಿತು. “ಹಂಗಲ್ಲಪ್ಪ. ನನಗಿಂತ ಮುಂಚೆ ಹುಟ್ಟಿದ ನಾಲ್ಕೂ ಹೋದ್ವು. ನಾನಾದ್ರೂ ಉಳೀಲಿ ಅಂತ ನಮ್ಮ ಸೋದರತ್ತೆ ಮನೇಲಿ ಬಿಟ್ಟು ಸಾಕಿಸಿದ್ರು” ಅಂದರು. ಮಗು ಉಳಿಯಲೆಂದು ತಿಪ್ಪೆಯ ಮೇಲೆ ಮಲಗಿಸಿ ತಿಪ್ಪಯ್ಯ, ತಿಪ್ಪಮ್ಮ ಅಂತ ಹೆಸರಿಡುತ್ತಿದ್ದ ಜನ ನಾವು, ಅದು ಗೊತ್ತಿದ್ದೂ ಹಾಗಂದೆ. ಅಂದಿನಿಂದ ಹೆಸರಿನ ಅರ್ಥ ನಾನು ಮೊದಲು ಹೇಳುವುದಿಲ್ಲ, ಮನೆಯವರನ್ನು ಕೇಳುತ್ತೇನೆ.

ಹೋದ ಯುಗಾದಿಗೆ ಚಿಕ್ಕಪ್ಪ ಹೊಸ ಮನೆಯ ಗೇಟಿಗೆ ‘ಹಗೇವು’ ಅಂತ ಕಲ್ಲಿನಲ್ಲಿ ಕೆತ್ತಿಸಿ ಹಾಕಿಸಿದರು. ಅಕ್ಷರ ತಿದ್ದಿಕೊಟ್ಟದ್ದು ನಾನೇ.