ಸ್ಪೋರ್ಟ್ಸ್ ಕಾರಿನ ಕ್ಲಚ್ ಮತ್ತು ಫ್ಲೈವೀಲನ್ನು ಮನೆಯಂಗಳದಲ್ಲೇ ಬದಲಿಸುವ ಕ್ರಮ

ಗಣಿಯ ಭರಾಟೆಯ ದಿನಗಳಲ್ಲಿ ಬಳ್ಳಾರಿಗೆ ಬಂದ ಕೆಲವು ದುಬಾರಿ ಕಾರುಗಳು ಕೈಯಿಂದ ಕೈಗೆ ದಾಟಿ, ಇಂದು ನನ್ನಂಥ ಸಾಧಾರಣ ವರಮಾನದವರ ಮನೆ ಮುಂದೆಯೂ ನಿಂತಿವೆ. ನನ್ನಲ್ಲಿರುವ ನಿಸಾನ್ 370ಝೆಡ್ ಅಂಥದೇ ಒಂದು. ಎಂಜಿನ್ನು ಮುಂದೆ, ಅದರ ಬೆನ್ನಿಗೆ ಉದ್ದಕ್ಕೆ ಮಲಗಿದ ಆರು ಗೇರಿನ ಬಾಕ್ಸು, ಎಂಜಿನ್ನಿನ ಬಲದಿಂದ ತಿರುಗುವ ಗಾಲಿಗಳು ಹಿಂದೆ. ಈ ಜೋಡಣೆಯ ಕಾರುಗಳಲ್ಲಿ ಎಂಜಿನ್ ಇಳಿಸದೆ ಗೇರ್ ಬಾಕ್ಸ್ ಮಾತ್ರ ಇಳಿಸಿ, ಎಂಜಿನ್ನಿನ ಬೆನ್ನಿಗೆ ತಿರುಗುವ ಭಾರದ ಚಕ್ರವಾದ ಫ್ಲೈವೀಲನ್ನೂ ಅದಕ್ಕೆ ಒತ್ತಿ ನಿಂತು ಬಲವನ್ನು ಗೇರ್ ಬಾಕ್ಸಿಗೆ ದಾಟಿಸುವ ಕ್ಲಚ್ಚನ್ನೂ ಬದಲಿಸಬಹುದು. ಈ ಕೆಲಸಕ್ಕೆ ಭಾರೀ ಶಕ್ತಿ ಬೇಕೆಂದು ಜನ ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಶಕ್ತಿಗಿಂತ ಹೆಚ್ಚು ಬೇಕಾದದ್ದು ಶುಚಿತ್ವ, ಅದರಲ್ಲೂ ಅದಿರಿನ ಕೆಂಧೂಳು ಕಿಟಕಿಯ ಸಂದಿಯಲ್ಲೂ ಕೂರುವ ನಮ್ಮ ಊರಿನಲ್ಲಿ. ಆಷಾಢದ ಗಾಳಿ ಬೀಸುವಾಗ ಇದಕ್ಕೆ ಕೈ ಹಾಕಬಾರದು; ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಂತೂ ಅಂಗಳದ ಬಂಡೆಯ ಮೇಲೆ ಬೆನ್ನೂರಿ ಮಲಗಲು ಆಗದು. ಕಾರ್ತಿಕದಿಂದ ಪುಷ್ಯದವರೆಗಿನ ಕಾಲ ಒಳ್ಳೆಯದು.

ಮೊದಲು ರೋಗ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಹೊಸಪೇಟೆ ರಸ್ತೆಯಲ್ಲಿ ಯಾವುದಾದರೂ ಏರು ಸಿಕ್ಕಾಗ ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದರೆ, ಎಂಜಿನ್ನಿನ ಸದ್ದು ಏರಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಪ್ಲೇಟು ಸವೆದು ಜಾರುತ್ತಿದೆ ಎಂದರ್ಥ. ಕ್ಲಚ್ ಪೆಡಲ್ಲೇ ಕುಸಿದು ಮೇಲೇಳದಿದ್ದರೆ ಅದು ಬೇರೆ ಕಾಯಿಲೆ. 370ಝೆಡ್‌ನಲ್ಲಿ ಕ್ಲಚ್ಚಿನ ಸ್ಲೇವ್ ಸಿಲಿಂಡರ್, ಅಂದರೆ ಪೆಡಲಿನ ಒತ್ತಡವನ್ನು ದ್ರವದ ಮೂಲಕ ಪಡೆದು ಕ್ಲಚ್ಚು ಬಿಡಿಸುವ ಭಾಗ, ಗೇರ್ ಬಾಕ್ಸಿನ ಒಳಗೆ, ಅದರ ಮುಂದಿನ ಶಾಫ್ಟಿನ ಸುತ್ತಲೇ ಕೂರುತ್ತದೆ. ಅದು ಸೋರಿದರೂ ಬಾಕ್ಸು ಇಳಿಸಲೇಬೇಕು. ಆದ್ದರಿಂದ ಯಾವ ಕಾರಣಕ್ಕೆ ಇಳಿಸಿದರೂ ಪ್ಲೇಟು, ಅದನ್ನು ಫ್ಲೈವೀಲಿಗೆ ಒತ್ತುವ ಪ್ರೆಷರ್ ಪ್ಲೇಟು, ಆ ಒತ್ತಡ ಬಿಡಿಸುವ ರಿಲೀಸ್ ಬೇರಿಂಗು, ಸ್ಲೇವ್ ಸಿಲಿಂಡರು, ಗೇರ್ ಬಾಕ್ಸಿನ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗು, ಎಂಜಿನ್ನಿನ ಹಿಂದಿನ ಆಯಿಲ್ ಸೀಲು, ಫ್ಲೈವೀಲಿನ ಹೊಸ ಬೋಲ್ಟುಗಳು ಇವೆಲ್ಲ ಮೊದಲೇ ಕೈಯಲ್ಲಿರಬೇಕು. ಬಿಚ್ಚಿದ ಮೇಲೆ ಬೆಂಗಳೂರಿನಿಂದ ಒಂದು ಸೀಲು ಬರಲೆಂದು ಹತ್ತು ದಿನ ಕಾಯುವುದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ.

ಫ್ಲೈವೀಲಿನ ವಿಷಯದಲ್ಲಿ ಸ್ವಲ್ಪ ಯೋಚನೆ ಬೇಕು. ಈ ಕಾರಿನಲ್ಲಿ ಬರುವುದು ಜೋಡಿ ತೂಕದ ಫ್ಲೈವೀಲು: ಎರಡು ಚಕ್ರಗಳ ನಡುವೆ ಸ್ಪ್ರಿಂಗುಗಳಿದ್ದು, ಎಂಜಿನ್ನಿನ ಹೊಡೆತ ಗೇರ್ ಬಾಕ್ಸಿಗೆ ತಾಗದಂತೆ ಅವು ನುಂಗಿಕೊಳ್ಳುತ್ತವೆ. ಒಂದೇ ಉಂಡೆಯ ಫ್ಲೈವೀಲಾದರೆ ಲೇತ್ ಅಂಗಡಿಗೆ ಒಯ್ದು ಮುಖ ಹೊಡೆಸಬಹುದು. ಜೋಡಿ ತೂಕದ್ದನ್ನು ಹಾಗೆ ಮಾಡಿಸಬಾರದು. ಒಳಗಿನ ಸ್ಪ್ರಿಂಗುಗಳು ಸಡಿಲಾಗಿದ್ದರೆ ಮೇಲ್ಮೈ ನಯವಾದರೂ ಪ್ರಯೋಜನವಿಲ್ಲ. ಹಗುರವಾದ ಒಂಟಿ ಫ್ಲೈವೀಲು ಹಾಕಿಸಿಕೊಂಡರೆ ಎಂಜಿನ್ನು ಚುರುಕಾಗಿ ಏರುತ್ತದೆ ನಿಜ, ಆದರೆ ನ್ಯೂಟ್ರಲ್ಲಿನಲ್ಲಿ ನಿಂತಾಗ ಗೇರ್ ಬಾಕ್ಸು ಗಲಗಲ ಎನ್ನುತ್ತದೆ. ರಾಯಲ್ ವೃತ್ತದ ಸಿಗ್ನಲ್ಲಿನಲ್ಲಿ ದಿನವೂ ಆ ಸದ್ದು ಕೇಳಲು ನನಗೆ ಮನಸ್ಸಾಗಲಿಲ್ಲ. ಕಂಪನಿಯದೇ ಮಾದರಿಯನ್ನು ತಂದೆ.

ಕಾರನ್ನು ಎತ್ತುವುದು ಅತ್ಯಂತ ಅಪಾಯದ ಹಂತ. ನಾಲ್ಕೂ ಕಡೆ ಗಟ್ಟಿ ಸ್ಟ್ಯಾಂಡುಗಳ ಮೇಲೆ, ಗೇರ್ ಬಾಕ್ಸು ಜ್ಯಾಕಿನ ಸಮೇತ ಕೆಳಗಿಂದ ಹೊರಬರುವಷ್ಟು ಎತ್ತರಕ್ಕೆ ನಿಲ್ಲಿಸಬೇಕು. ಇಟ್ಟಿಗೆ, ಸೈಜುಗಲ್ಲುಗಳನ್ನು ಪೇರಿಸಿ ಅದರ ಮೇಲೆ ಕಾರು ನಿಲ್ಲಿಸುವವರನ್ನು ಕಂಡಿದ್ದೇನೆ. ಆ ಕಾರಿನಡಿ ನುಸುಳಬಾರದು. ನಮ್ಮ ಮನೆಗಳ ಅಂಗಳಕ್ಕೆ ಹಾಸುಬಂಡೆ ಹಾಕಿರುತ್ತಾರೆ, ಅದರಡಿ ಮಣ್ಣು ಕುಸಿದು ಪೊಳ್ಳಾಗಿರಬಹುದು. ಸ್ಟ್ಯಾಂಡು ಇಡುವ ಜಾಗವನ್ನು ಸುತ್ತಿಗೆಯಿಂದ ತಟ್ಟಿ ನೋಡಿ: ಗಟ್ಟಿ ಸದ್ದು ಬಂದರೆ ಸರಿ, ಡಬ್ ಎಂದರೆ ಜಾಗ ಬದಲಿಸಿ. ಎತ್ತಿದ ಮೇಲೆ ಕಾರನ್ನು ಬದಿಯಿಂದ ಬಲವಾಗಿ ತಳ್ಳಿ, ಅಲುಗದಿದ್ದರೆ ಮಾತ್ರ ಕೆಳಗೆ ಹೋಗಿ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚುವುದರಿಂದ ಕೆಲಸ ಶುರುವಾಗುತ್ತದೆ. ಎಕ್ಸಾಸ್ಟ್ ಪೈಪುಗಳ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿರಿ. ಗೇರ್ ಬಾಕ್ಸಿನಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟು, ಗಾಲಿಗಳಿಗೆ ಅದನ್ನು ಹಂಚುವ ಹಿಂದಿನ ಡಿಫರೆನ್ಷಿಯಲ್ಲಿಗೆ ಸೇರುವ ಕಡೆ ಎರಡಕ್ಕೂ ಬಣ್ಣದ ಗುರುತು ಹಾಕಿ, ಮತ್ತೆ ಅದೇ ಸ್ಥಾನಕ್ಕೆ ಕೂರಿಸದಿದ್ದರೆ ವೇಗದಲ್ಲಿ ಕಾರು ಅದುರಬಹುದು. 370ಝೆಡ್‌ನ ಈ ಶಾಫ್ಟು ಕಾರ್ಬನ್ ಫೈಬರಿನದು. ಉಕ್ಕಿನದಲ್ಲವಾದ್ದರಿಂದ ಅದಕ್ಕೆ ಸುತ್ತಿಗೆ ಏಟು ಬೀಳಬಾರದು, ಅದನ್ನು ವೈಸಿಗೆ ಬಿಗಿಯಬಾರದು. ಬಟ್ಟೆ ಸುತ್ತಿ ಮನೆಯೊಳಗೆ ಮಲಗಿಸಿಡಿ. ಗೇರ್ ಬಾಕ್ಸಿನ ಎಣ್ಣೆಯನ್ನು ಮೊದಲೇ ಇಳಿಸಿದ್ದರೆ ಶಾಫ್ಟು ಎಳೆದ ತೂತಿನಿಂದ ಅದು ನಿಮ್ಮ ಮುಖಕ್ಕೆ ಸುರಿಯುವುದಿಲ್ಲ. ಸ್ಟಾರ್ಟರ್ ಮೋಟಾರು, ಗೇರ್ ಲಿವರಿನ ಜೋಡಣೆ, ಕ್ಲಚ್ ಪೈಪು, ಕ್ರ್ಯಾಂಕ್ ಸೆನ್ಸರು ಮತ್ತು ಉಳಿದ ತಂತಿಗಳು ಆಮೇಲೆ. ಬೆಲ್‌ಹೌಸಿಂಗಿನ (ಎಂಜಿನ್ನಿಗೆ ಸೇರುವ, ಬಾಕ್ಸಿನ ಗಂಟೆಯಾಕಾರದ ಮುಂಭಾಗ) ಬೋಲ್ಟುಗಳು ಒಂದೇ ಉದ್ದದವಲ್ಲ. ರಟ್ಟಿನ ಮೇಲೆ ಅದರ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಅದದೇ ಜಾಗದಲ್ಲಿ ಚುಚ್ಚಿಡಿ. ಮೇಲಿನ ಬೋಲ್ಟುಗಳಿಗೆ ಪಾನಾ ನೇರವಾಗಿ ಎಟುಕುವುದಿಲ್ಲ. ಬಾಕ್ಸಿನ ಹಿಂಭಾಗವನ್ನು ಸ್ವಲ್ಪ ಕೆಳಗಿಳಿಸಿ, ಮಾರುದ್ದದ ಎಕ್ಸ್‌ಟೆನ್ಶನ್ನನ್ನು ಅದರ ಬೆನ್ನ ಮೇಲಿಂದ ಹಾಯಿಸಬೇಕು.

ಬಾಕ್ಸನ್ನು ಹಿಂದಕ್ಕೆ ಎಳೆಯುವಾಗ ಇಬ್ಬರಿರಲಿ. ಬಾಕ್ಸಿನ ಮುಂದಿನ ಶಾಫ್ಟು ಕ್ಲಚ್ ಪ್ಲೇಟಿನಿಂದ ಪೂರ್ತಿ ಹೊರಬರುವವರೆಗೂ ಬಾಕ್ಸಿನ ಭಾರ ಜ್ಯಾಕಿನ ಮೇಲೆಯೇ ಇರಬೇಕು, ಶಾಫ್ಟಿನ ಮೇಲೆ ನೇತಾಡಬಾರದು.

ಒಳಗಿನ ಕಪ್ಪು ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ, ಅದು ಶ್ವಾಸಕೋಶಕ್ಕೆ ಕೇಡು. ಮಾಸ್ಕ್ ಹಾಕಿಕೊಂಡು ಬ್ರೇಕ್ ಕ್ಲೀನರ್ ಸಿಂಪಡಿಸಿ ಒರೆಸಿ. ಹಳೆಯ ಫ್ಲೈವೀಲಿನ ಮುಖದಲ್ಲಿ ನೀಲಿ ಕಲೆ, ಕೂದಲೆಳೆಯ ಬಿರುಕು ಕಂಡರೆ ಅತಿಯಾಗಿ ಕಾದಿದೆ ಎಂದರ್ಥ. ಎಂಜಿನ್ ಸೀಲಿನ ಬಳಿ ತೇವವಿದ್ದರೆ ಸೀಲು ಈಗಲೇ ಬದಲಾಗಲಿ. ಎಣ್ಣೆ ತಾಗಿದ ಪ್ಲೇಟು ಹೊಸದಾದರೂ ಜಾರುತ್ತದೆ. ಹೊಸ ಫ್ಲೈವೀಲಿಗೆ ತುಕ್ಕು ತಡೆಯಲು ಬಳಿದ ಎಣ್ಣೆಯನ್ನು ಪೂರ್ತಿ ತೊಳೆಯಿರಿ. ಇಲ್ಲೊಂದು ಸ್ಥಳೀಯ ಎಚ್ಚರಿಕೆ: ನಮ್ಮೂರಿನಲ್ಲಿ ಜೀನ್ಸ್ ಹೊಲಿಯುವ ಕಡೆಯ ಕಟಿಂಗ್ ತುಂಡುಗಳು ಸುಲಭವಾಗಿ ಸಿಗುತ್ತವೆ, ಮೆಕ್ಯಾನಿಕ್‌ಗಳು ಕೈ ಒರೆಸಲು ಅವನ್ನೇ ಬಳಸುತ್ತಾರೆ. ಅವುಗಳ ಅಂಚಿನ ನೂಲು ಉದುರುತ್ತದೆ, ಆದ್ದರಿಂದ ಫ್ಲೈವೀಲಿನ ಮುಖಕ್ಕೆ ಒಗೆದ ಹಳೆಯ ಪಂಚೆಯೇ ಮೇಲು. ಹೊಸ ಬೋಲ್ಟುಗಳನ್ನು ಎದುರುಬದುರಾಗಿ, ಹಂತ ಹಂತವಾಗಿ, ಕಾರಿನ ಸರ್ವೀಸ್ ಪುಸ್ತಕದಲ್ಲಿ ಹೇಳಿದಷ್ಟೇ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಇಲ್ಲಿ ಕೈಯಂದಾಜು ನಡೆಯುವುದಿಲ್ಲ.

ಪ್ಲೇಟಿಗೆ ಎರಡು ಮುಖಗಳಿವೆ. ಫ್ಲೈವೀಲಿನ ಕಡೆ ಯಾವುದೆಂದು ಅದರ ಮೇಲೆಯೇ ಬರೆದಿರುತ್ತದೆ. ವರ್ಷಗಳ ಹಿಂದೆ ತಮ್ಮನ ಕಾರಿಗೆ ಅದನ್ನು ನಾನು ತಿರುವಿ ಕೂರಿಸಿ, ಎಲ್ಲ ಮುಗಿದ ಮೇಲೆ ಕ್ಲಚ್ಚು ಬಿಡದೆ ಮತ್ತೆ ಇಡೀ ಬಾಕ್ಸು ಇಳಿಸಿದ್ದೆ. ಅಂದಿನಿಂದ ಪ್ಲೇಟು ಕೂರಿಸುವ ಮೊದಲು ಆ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತೇನೆ. ಅಲೈನ್‌ಮೆಂಟ್ ಕಡ್ಡಿಯನ್ನು ಪೈಲಟ್ ಬೇರಿಂಗಿನವರೆಗೆ ತೂರಿಸಿ ಪ್ಲೇಟನ್ನು ನಡುವಿಗೆ ತಂದು, ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಒಂದೊಂದಕ್ಕೆ ಎರಡೆರಡು ಸುತ್ತಿನಂತೆ ಬಿಗಿಯುತ್ತ ಬನ್ನಿ. ಶಾಫ್ಟಿನ ಹಲ್ಲುಗಳಿಗೆ ಗ್ರೀಸು ಕಂಡೂ ಕಾಣದಷ್ಟು ಸಾಕು, ಹೆಚ್ಚಾದದ್ದು ಹಾರಿ ಪ್ಲೇಟಿಗೆ ತಾಗುತ್ತದೆ.

ಬಾಕ್ಸನ್ನು ಮರಳಿ ಏರಿಸುವಾಗ ಅದು ತಾನಾಗಿ ಕೂರಬೇಕು. ಒಂದು ಬೆರಳಿನ ಸಂದಿ ಉಳಿದಿದೆಯೆಂದು ಬೋಲ್ಟು ಬಿಗಿದು ಎಳೆದರೆ ಬೋಲ್ಟು ಕೂರುವ ಅಲ್ಯೂಮಿನಿಯಂ ಕಿವಿ ಸೀಳುತ್ತದೆ. ಬಾಕ್ಸಿನ ಓರೆಯನ್ನು ಜ್ಯಾಕಿನಿಂದ ಸರಿಪಡಿಸಿ, ಹಿಂದಿನ ಶಾಫ್ಟನ್ನು ಕೈಯಿಂದ ತುಸು ತಿರುಗಿಸಿ. ಉಳಿದದ್ದು ಬಿಚ್ಚಿದ್ದರ ಹಿಮ್ಮುಖ ಕ್ರಮ. ಗೇರ್ ಬಾಕ್ಸಿನ ಎಣ್ಣೆ ಜಿಎಲ್-4 ದರ್ಜೆಯ 75ಡಬ್ಲ್ಯೂ-85 ಇರಲಿ. ಕ್ಲಚ್ ಪೈಪಿನಲ್ಲಿ ಗಾಳಿ ಉಳಿಯದಂತೆ, ಒಬ್ಬರು ಕ್ಲಚ್ ಪೆಡಲ್ ಒತ್ತಿ ಹಿಡಿದಿರಲು ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಬಿಗಿಯುತ್ತ, ಹೊಸ ದ್ರವ ಗುಳ್ಳೆಯಿಲ್ಲದೆ ಬರುವವರೆಗೆ ಬ್ಲೀಡ್ ಮಾಡಿ. ಆ ದ್ರವ ಬಣ್ಣವನ್ನು ತಿನ್ನುವುದರಿಂದ ಚೆಲ್ಲಿದ ಕೂಡಲೇ ನೀರು ಹಾಕಿ.

ಮೊದಲ 800 ಕಿಲೋಮೀಟರು ಕೌಲ್ ಬಜಾರ್, ಮಾರುಕಟ್ಟೆ ಎಂದು ಊರೊಳಗೇ ನಿಂತು ಹೊರಡುವ ಓಡಾಟವಿರಲಿ, ಹೊಸ ಪ್ಲೇಟಿನ ಮುಖ ಹಾಗೆಯೇ ಕೂಡಿಕೊಳ್ಳುವುದು. ಮೊದಲ ವಾರ ರಾತ್ರಿ ಬೆಲ್‌ಹೌಸಿಂಗಿನ ಕೆಳಗೆ ಬಿಳಿ ರಟ್ಟು ಹಾಸಿ, ಬೆಳಿಗ್ಗೆ ನೋಡಿ: ಕಪ್ಪು ಹನಿಯಾದರೆ ಎಂಜಿನ್ ಸೀಲು, ಗಂಧಕದ ವಾಸನೆಯ ಹನಿಯಾದರೆ ಗೇರ್ ಬಾಕ್ಸು, ನೀರಿನಂತೆ ತಿಳಿಯಾದ ಜಾರು ಹನಿಯಾದರೆ ಸ್ಲೇವ್ ಸಿಲಿಂಡರು.