ನೀರುದೋಸೆ ಹಿಟ್ಟಿನ ಹದಕ್ಕೆ ಬಣ್ಣ: ಪುಟ್ಟ ಬೊಂಬೆಗಳಿಗೆ ಅಕ್ರಿಲಿಕ್ ತೆಳು ಮಾಡುವುದು ಹೇಗೆ?

ನನ್ನ ಮೇಜಿನ ಮೇಲೆ ಈಗ ಎರಡು ಇಂಚಿನ ಒಬ್ಬ ರಾವಣ ನಿಂತಿದ್ದಾನೆ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ. ತ್ರೀಡಿ ಪ್ರಿಂಟರಿನಲ್ಲಿ ತೆಗೆದ ರೆಸಿನ್ ಬೊಂಬೆ. ಮುಖದ ಚುಟ್ಟಿಯ, ಅಂದರೆ ಉಬ್ಬಿ ನಿಲ್ಲುವ ಬಿಳಿ ಚುಕ್ಕಿಸಾಲಿನ, ಒಂದೊಂದು ಚುಕ್ಕಿಯೂ ರಾಗಿ ಕಾಳಿಗಿಂತ ಸಣ್ಣದು. ಬಣ್ಣ ಚೂರು ದಪ್ಪವಾದರೆ ಸಾಕು, ಚುಕ್ಕಿಗಳ ನಡುವಿನ ಸಂದು ತುಂಬಿ ಮುಖವೆಲ್ಲ ಒಂದೇ ಮುದ್ದೆ. ಚೂರು ನೀರಾದರೆ ಬಣ್ಣ ಇಳಿದು ಗಲ್ಲದ ಕೆಳಗೆ ನಿಲ್ಲುತ್ತದೆ.

ಕಳೆದ ತಿಂಗಳು ಪಕ್ಕದ ಮನೆಯ ಹುಡುಗ ತನ್ನ ಬೊಂಬೆ ಹಿಡಿದುಕೊಂಡು ಬಂದ. "ಇದೆಂತ ಮಾವ, ಮೂಗೇ ಕಾಣುದಿಲ್ಲ?" ಎಂದ. ಬಾಟಲಿಯಿಂದ ನೇರ ತೆಗೆದು ಹಚ್ಚಿದ್ದ. ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಷ್ಟು ಹನಿ ಬಣ್ಣಕ್ಕೆ ಇಷ್ಟು ಹನಿ ನೀರು ಎಂಬ ಲೆಕ್ಕ ಶುರು ಮಾಡುವುದಕ್ಕೆ ಮಾತ್ರ. ಕಾಸರಗೋಡಿನಲ್ಲಿ ಏಪ್ರಿಲ್ಲಿನ ಅಳತೆ ಮಳೆಗಾಲದ ಆಟಿ ತಿಂಗಳಿಗೆ ಆಗುವುದಿಲ್ಲ.

ಬಣ್ಣದೊಳಗೆ ಏನಿದೆ

ಅಕ್ರಿಲಿಕ್ ಬಣ್ಣದಲ್ಲಿ ಮುಖ್ಯವಾಗಿ ಇರುವುದು ಬಣ್ಣದ ಪುಡಿ, ಅದನ್ನು ಹಿಡಿದಿಡುವ ಅಕ್ರಿಲಿಕ್ ಅಂಟು, ಮತ್ತೆ ನೀರು. ಅಂಟು ಸಣ್ಣ ಸಣ್ಣ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ, ಹಾಲಿನಲ್ಲಿ ಕೊಬ್ಬು ಇರುವ ಹಾಗೆ. ನೀರು ಆರಿದಾಗ ಆ ಕಣಗಳು ಒಂದಕ್ಕೊಂದು ಕೂಡಿಕೊಂಡು ಪೊರೆ ಆಗುತ್ತವೆ. ಒಮ್ಮೆ ಪೊರೆಯಾದರೆ ಎಷ್ಟು ನೀರು ಹಾಕಿದರೂ ಕರಗುವುದಿಲ್ಲ.

ನೀರು ತುಂಬ ಜಾಸ್ತಿಯಾದರೆ ಅಂಟಿನ ಕಣಗಳು ದೂರ ದೂರ ಆಗುತ್ತವೆ. ಪೊರೆಗೆ ಬಲ ಇರುವುದಿಲ್ಲ. ಕಾಗದವೋ ಮಣ್ಣೋ ಆದರೆ ಸ್ವಲ್ಪ ಹೀರಿಕೊಂಡು ಸುಧಾರಿಸುತ್ತದೆ. ಪ್ಲಾಸ್ಟಿಕ್, ರೆಸಿನ್ ಹೀರುವುದಿಲ್ಲ. ಅಲ್ಲಿ ಉಗುರು ತಾಗಿದರೂ ಬಣ್ಣ ಏಳುತ್ತದೆ. ಅದಕ್ಕೇ ತುಂಬ ತೆಳು ಬೇಕಾದಾಗ ನೀರಿನ ಬದಲು ಮ್ಯಾಟ್ ಮೀಡಿಯಂ ಅಥವಾ ಗ್ಲೇಜ್ ಮೀಡಿಯಂ ಹಾಕುವುದು. ಮೀಡಿಯಂ ಅಂದರೆ ಬಣ್ಣದ ಪುಡಿ ಇಲ್ಲದ ಅದೇ ಅಂಟು. ಹೊಸಬರು ದುಡ್ಡು ಉಳಿಸುವುದಾದರೆ ಬ್ರಷ್ಷಿನಲ್ಲಿ ಉಳಿಸಿ, ಬಣ್ಣದಲ್ಲಿ ಉಳಿಸಿ. ಒಂದು ಬಾಟಲಿ ಮ್ಯಾಟ್ ಮೀಡಿಯಂ ಮಾತ್ರ ತೆಗೆದುಕೊಳ್ಳಿ.

ಮೊದಲು ಬೊಂಬೆ, ಆಮೇಲೆ ಬಣ್ಣ

ಬೊಂಬೆಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ, ಬಣ್ಣ ಹಿಡಿಯಲು ಅಡಿಗೆ ಹಚ್ಚುವ ಪ್ರೈಮರ್ ಹಚ್ಚಿ. ಜಿಡ್ಡು ಇದ್ದರೆ ಎಂಥ ಹದದ ಬಣ್ಣವೂ ಕೂರುವುದಿಲ್ಲ. ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಬೇಡ, ತೇವಕ್ಕೆ ಪುಡಿಪುಡಿಯಾಗಿ ಕೂರುತ್ತದೆ. ಬ್ರಷ್ಷಿನಲ್ಲಿ ಹಚ್ಚುವುದೇ ಒಳ್ಳೆಯದು.

ಯಾವ ನೀರು?

ನಮ್ಮಲ್ಲಿ ಗುಡ್ಡಕ್ಕೆ ಕೊರೆದ ಸುರಂಗದ ನೀರು ಇದೆ. ಕುಡಿಯಲು ಅದರಷ್ಟು ರುಚಿ ಬೇರೆ ಇಲ್ಲ. ಬ್ರಷ್ ತೊಳೆಯಲು ಅದೇ. ಬಣ್ಣಕ್ಕೆ ಬೆರೆಸಲು ಮಾತ್ರ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್. ಒಂದು ಲೀಟರ್ ತಂದರೆ ವರ್ಷ ಬರುತ್ತದೆ. ಬೋರ್‌ವೆಲ್ ನೀರಾದರೆ ಇದು ಬೇಕೇ ಬೇಕು. ಉಪ್ಪಿನಂಶ ಇರುವ ನೀರು ಕಪ್ಪು ಬಣ್ಣದ ಮೇಲೆ ಆರಿದಾಗ ಬಿಳಿ ಬೂದಿಯ ಹಾಗೆ ಉಳಿಯುತ್ತದೆ.

ಹದ ನೋಡುವುದು

ಬಾಟಲಿಯನ್ನು ಒಂದು ನಿಮಿಷ ಚೆನ್ನಾಗಿ ಕುಲುಕಿ. ಪುಡಿ ತಳದಲ್ಲಿ ಕೂತಿದ್ದರೆ ಮೇಲೆ ಬರುವುದು ಬರೀ ಅಂಟು ನೀರು. ಪ್ಯಾಲೆಟ್ಟಿಗೆ, ಅಂದರೆ ಬಣ್ಣ ಬೆರೆಸುವ ತಟ್ಟೆಗೆ, ಎರಡು ಹನಿ ಬಣ್ಣ ಹಾಕಿ, ಪಕ್ಕದಲ್ಲಿ ಒಂದು ಹನಿ ನೀರು. ಪಕ್ಕದಲ್ಲಿ ಎಂದೆ, ಮೇಲೆ ಅಲ್ಲ. ಬ್ರಷ್ಷಿನ ತುದಿಯಿಂದ ನೀರನ್ನು ಸ್ವಲ್ಪ ಸ್ವಲ್ಪವೇ ಬಣ್ಣದ ಕಡೆಗೆ ಎಳೆದುಕೊಳ್ಳಿ. ಹಾಕಿದ ನೀರನ್ನು ತೆಗೆಯಲು ಆಗುವುದಿಲ್ಲವಲ್ಲ.

ಮೊದಲ ಕೋಟ್‌ಗೆ, ಅಂದರೆ ಮೊದಲ ಪದರಕ್ಕೆ, ನೀರುದೋಸೆ ಹಿಟ್ಟಿನ ಹದ ಸಾಕು. ಉದ್ದಿನ ದೋಸೆಯ ಹಿಟ್ಟು ಆಗಬಾರದು. ನೆರಳು ಬೆಳಕು ಮಾಡುವ ಮೇಲಿನ ಪದರಕ್ಕೆ ತೆಳು ಮಜ್ಜಿಗೆ. ಸೀರೆಯ ನೆರಿಗೆ, ಗಡ್ಡದ ಸಂದಿಗೆ ಇಳಿಯಬೇಕಾದ ವಾಷ್‌ಗೆ ಗಂಜಿತಿಳಿ. ಕೆಳಗಿನ ಬಣ್ಣ ಕಾಣುವಂಥ ತೆಳು ಪದರ, ಅಂದರೆ ಗ್ಲೇಜ್‌ಗೆ, ಒಂದು ಹನಿ ಬಣ್ಣಕ್ಕೆ ಐದಾರು ಹನಿ ಮೀಡಿಯಂ. ಅಲ್ಲಿ ಬಣ್ಣ ಇದೆಯೋ ಇಲ್ಲವೋ ಎಂಬಷ್ಟು ಮಾತ್ರ ಇರಬೇಕು.

ಈಗ ಎಡಗೈಯ ಹೆಬ್ಬೆರಳ ಉಗುರಿನ ಮೇಲೆ ಒಂದು ಗೆರೆ ಎಳೆಯಿರಿ. ಬೆಳಕಿಗೆ ಹಿಡಿದು ನೋಡಿ. ಬ್ರಷ್ಷಿನ ಕೂದಲಿನ ಗೀರು ಹಾಗೇ ನಿಂತಿದ್ದರೆ ಇನ್ನೂ ದಪ್ಪ. ಗೆರೆ ಒಡೆದು ಉಗುರಿನ ಅಂಚಿಗೆ ಓಡಿದರೆ ನೀರು ಜಾಸ್ತಿ. ಗೆರೆ ಎಳೆದಲ್ಲೇ ನಿಂತು, ಮೇಲ್ಮೈ ತಾನಾಗಿ ಸಮನಾಗಿ, ಉಗುರಿನ ಸಣ್ಣ ಗೀರುಗಳು ಒಳಗಿನಿಂದ ಕಾಣುತ್ತಿದ್ದರೆ ಅದೇ ಹದ. ನಾನು ಇವತ್ತಿಗೂ ಉಗುರು ನೋಡದೆ ಬೊಂಬೆಗೆ ಬ್ರಷ್ ಮುಟ್ಟಿಸುವುದಿಲ್ಲ.

ಬ್ರಷ್ಷಿಗೆ ಬಣ್ಣ ತೆಗೆದ ಮೇಲೆ ಅದರ ಹೊಟ್ಟೆಯನ್ನು ಒಮ್ಮೆ ಟಿಶ್ಯೂ ಪೇಪರಿಗೆ ತಾಗಿಸಿ. ತಾಗಿಸದಿದ್ದರೆ ಹದ ಸರಿಯಿದ್ದರೂ ಬಣ್ಣ ಒಮ್ಮೆಲೇ ಇಳಿಯುತ್ತದೆ. ಮೊದಲ ಕೋಟಿನಲ್ಲಿ ಪ್ರೈಮರ್ ಕಾಣುತ್ತದೆ. ಹೆದರಬೇಡಿ, ಪೂರ್ತಿ ಆರಲು ಬಿಟ್ಟು ಎರಡನೆಯದು, ಬೇಕಾದರೆ ಮೂರನೆಯದು ಹಚ್ಚಿ. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣದ ಚುಟ್ಟಿಯನ್ನು ಹೇಗೆ ಇಡುತ್ತಾರೆ ನೋಡಿದ್ದೀರಲ್ಲ? ಒಂದು ಸಾಲು ಆರಿದ ಮೇಲೆಯೇ ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆ ಕೂರುತ್ತಾರೆ. ನಮ್ಮದೂ ಅದೇ ಕೆಲಸ, ಅಳತೆ ಮಾತ್ರ ಸಣ್ಣದು.

ಹಳದಿ ಮತ್ತು ಕೆಂಪು ಬೇಗ ಮುಚ್ಚುವುದಿಲ್ಲ. ಹಳದಿಯ ಅಡಿಗೆ ತಿಳಿ ಕಂದು ಹಚ್ಚಿದರೆ ಕೆಲಸ ಅರ್ಧ ಆಗುತ್ತದೆ. ಬಿಳಿಯನ್ನು ತಿಳಿ ಬೂದು ಬಣ್ಣದ ಮೇಲೆ ಏರಿಸಿ. ಕಿರೀಟದ ಚಿನ್ನದ ಬಣ್ಣಕ್ಕೆ ನೀರು ತೀರಾ ಕಡಿಮೆ ಇರಲಿ, ಇಲ್ಲದಿದ್ದರೆ ಹೊಳಪಿನ ಚೂರುಗಳು ಬೇರೆ, ಅಂಟು ಬೇರೆ ಆಗುತ್ತದೆ. ಚಿನ್ನದ ಬ್ರಷ್ ತೊಳೆಯಲು ಬೇರೆಯೇ ಲೋಟ ಇಡಿ. ಆ ಚೂರು ಒಂದು ಸೇರಿದರೂ ರಾವಣನ ಕಣ್ಣಿನ ಕಪ್ಪಿನಲ್ಲಿ ಮಿಂಚುತ್ತದೆ.

ಬಿಸಿಲಿಗೂ ಮಳೆಗೂ

ಏಪ್ರಿಲ್‌ನಲ್ಲಿ ಫ್ಯಾನಿನ ಕೆಳಗೆ ಹನಿ ಬಣ್ಣ ಕೆಲವೇ ನಿಮಿಷದಲ್ಲಿ ಚರ್ಮ ಕಟ್ಟುತ್ತದೆ. ಆಗ ಬಣ್ಣ ಆರದ ಹಾಗೆ ಒದ್ದೆಯಾಗಿಡುವ ವೆಟ್ ಪ್ಯಾಲೆಟ್ ಬೇಕು. ಮನೆಯಲ್ಲೇ ಮಾಡಬಹುದು. ಚಪ್ಪಟೆ ಟಿಫಿನ್ ಡಬ್ಬಿಯೊಳಗೆ ತೆಳು ಸ್ಪಂಜು ಹಾಸಿ ನೆನೆಸಿ. ಮೇಲೆ ಬೇಕರಿಯವರು ಟ್ರೇಗೆ ಹಾಸುವ ಬೇಕಿಂಗ್ ಪೇಪರ್. ಮೇಣದ ಕಾಗದ ಆಗದು, ಅದು ತೇವವನ್ನು ಮೇಲೆ ಬಿಡುವುದಿಲ್ಲ. ಕಾಗದದ ಅಡಿಯಲ್ಲಿ ಗಾಳಿಗುಳ್ಳೆ ಉಳಿಯದ ಹಾಗೆ ಒತ್ತಿ.

ಆಟಿಯಲ್ಲಿ ಇದೇ ಡಬ್ಬಿ ತೊಂದರೆ ಕೊಡುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಬಣ್ಣ ಮೊದಲೇ ನಿಧಾನ ಆರುತ್ತದೆ, ಒದ್ದೆ ಪ್ಯಾಲೆಟ್ ಅದಕ್ಕೆ ಇನ್ನಷ್ಟು ನೀರು ಸೇರಿಸುತ್ತದೆ. ಮಳೆಗಾಲದಲ್ಲಿ ನಾನು ಪಿಂಗಾಣಿ ತಟ್ಟೆಯನ್ನೇ ಬಳಸುತ್ತೇನೆ, ನೀರು ಅರ್ಧ ಮಾಡುತ್ತೇನೆ. ಕೋಟು ಕೋಟಿನ ನಡುವೆ ದುಪ್ಪಟ್ಟು ಹೊತ್ತು ಬಿಡುತ್ತೇನೆ. ಅರೆ ಆರಿದ ಬಣ್ಣದ ಮೇಲೆ ಬ್ರಷ್ ಎಳೆದರೆ ಕೆಳಗಿನದೂ ಎದ್ದು ಬರುತ್ತದೆ. ವೆಟ್ ಪ್ಯಾಲೆಟ್ಟನ್ನೇ ಇಟ್ಟುಕೊಂಡರೆ ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ, ಸ್ಪಂಜು ತೊಳೆಯಿರಿ. ಬೂಸ್ಟು ಹಿಡಿಯಲು ಹೊತ್ತು ಬೇಡ.

ಬಾಟಲಿಯ ಆರೈಕೆ

ಬಳಸಿದ ಬ್ರಷ್ಷನ್ನು ಬಾಟಲಿಯೊಳಗೆ ಅದ್ದಬೇಡಿ. ಕೊಳಕು ನೀರು ಒಳಗೆ ಹೋದರೆ ಬಣ್ಣ ಕೊಳೆತು ವಾಸನೆ ಬರುತ್ತದೆ. ಮುಚ್ಚಳದ ಸುತ್ತು ಒರೆಸಿ ಮುಚ್ಚಿ. ಮೂತಿ ಕಟ್ಟಿದ್ದರೆ ಬಾಟಲಿಯನ್ನು ಹಿಂಡಬೇಡಿ, ಒಮ್ಮೆಲೇ ಚಿಮ್ಮುತ್ತದೆ. ಮೂತಿಯನ್ನು ಬಿಚ್ಚಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ, ಸೂಜಿಯಿಂದ ಬಿಡಿಸಿ. ಅದೇ ಆಲ್ಕೊಹಾಲನ್ನು ಬಣ್ಣಕ್ಕೆ ಬೆರೆಸಬಾರದು, ಗಂಟು ಕಟ್ಟಬಹುದು.

ಕುಲುಕುವಾಗ ಚೆನ್ನಾಗಿ ಬೆರೆಯಲಿ ಎಂದು ಒಳಗೆ ಗುಂಡು ಹಾಕುತ್ತಾರೆ. ಮೊದಲ ವರ್ಷ ನಾನು ಸೈಕಲ್ಲಿನ ಬಾಲ್ಸ್ ಹಾಕಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಳದಿ ಬಾಟಲಿ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಇಷ್ಟಪಟ್ಟು ತರಿಸಿದ ಬಣ್ಣ, ತುಂಬ ಬೇಸರವಾಯಿತು. ಈಗ ಹಾರಕ್ಕೆ ಪೋಣಿಸುವ ಗಾಜಿನ ಮಣಿಯನ್ನೇ ಹಾಕುತ್ತೇನೆ. ತುಕ್ಕು ಹಿಡಿಯದ ಸ್ಟೀಲ್ ಗುಂಡು ಸಿಕ್ಕರೂ ಆದೀತು.

ಬ್ರಷ್ಷಿನ ತುದಿ ಸರಿಮಾಡಲು ನಾಲಿಗೆಗೆ ತಾಗಿಸುವ ಅಭ್ಯಾಸ ಬೇಡವೇ ಬೇಡ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತದೆ. ತೊಳೆಯುವ ಮೊದಲು ಬ್ರಷ್ಷನ್ನು ಹಳೆ ಬಟ್ಟೆಗೆ ಒರೆಸಿ. ಲೋಟದ ನೀರನ್ನು ಬಾವಿಯ ಕಟ್ಟೆಯ ಹತ್ತಿರ, ಸುರಂಗದ ಬಾಯಲ್ಲಿ ಚೆಲ್ಲಬೇಡಿ.

ಬಾಟಲಿಯ ಬಣ್ಣ ದಪ್ಪವಾಗಿದ್ದರೆ ಎರಡು ಮೂರು ಹನಿ ಮೀಡಿಯಂ, ಒಂದು ಹನಿ ನೀರು ಹಾಕಿ ಕುಲುಕಿ, ಒಂದು ರಾತ್ರಿ ಇಟ್ಟು ಮತ್ತೆ ನೋಡಿ. ಸರಾಗ ಆದರೆ ಬಾಟಲಿಯ ಮೇಲೆ ತಾರೀಖು ಬರೆದಿಡಿ. ಕಡ್ಡಿ ಹಾಕಿದಾಗ ರಬ್ಬರಿನ ಹಾಗೆ ತುಂಡು ತುಂಡಾಗಿ ಎದ್ದು ಬಂದರೆ ಅದು ಪೊರೆಯಾಗಿ ಹೋದ ಬಣ್ಣ, ಮರಳಿ ಬರುವುದಿಲ್ಲ. ಬಾಟಲಿ ತೊಳೆದಿಟ್ಟುಕೊಳ್ಳಿ, ಡಿಸ್ಟಿಲ್ಡ್ ವಾಟರನ್ನು ಹನಿ ಹನಿಯಾಗಿ ಹಾಕಲು ಅದಕ್ಕಿಂತ ಒಳ್ಳೆಯದು ಇಲ್ಲ.