ಬಣ್ಣಗೆಟ್ಟ ಬಿಳಿ ಬಟ್ಟೆಗೆ ಮತ್ತೆ ಬಿಳುಪು

ಬಿಳಿ ಪಂಚೆಯೋ ಅಂಗಿಯೋ ಮಬ್ಬಾದೊಡನೆ ಬ್ಲೀಚ್ ಬಾಟಲಿಗೆ ಕೈ ಹಾಕಬಾರದು. ಬಟ್ಟೆಯನ್ನು ಹಗಲು ಬೆಳಕಿಗೆ ಹಿಡಿದು, ಅದು ಬೂದುಬಣ್ಣಕ್ಕೆ ತಿರುಗಿದೆಯೋ ಹಳದಿಯಾಗಿದೆಯೋ ಎಂಬುದನ್ನು ಮೊದಲು ನೋಡಬೇಕು. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಮಂಡ್ಯ ಸುತ್ತಮುತ್ತ ಬೋರ್‌ವೆಲ್ ನೀರಿನಲ್ಲೇ ಬಟ್ಟೆ ಒಗೆಯುವ ಮನೆಗಳಲ್ಲಿ ಬೂದುಬಣ್ಣದ ತೊಂದರೆಯೇ ಹೆಚ್ಚು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬಾರ್ ಸೋಪಿನೊಡನೆ ಸೇರಿ, ಕರಗದ ಜಿಗುಟಾಗಿ ನೂಲಿನ ಸಂದಿಯಲ್ಲಿ ಕೂರುತ್ತವೆ. ಮುಂದಿನ ಒಗೆತದ ಕೊಳೆಯೆಲ್ಲ ಆ ಜಿಗುಟಿಗೇ ಅಂಟಿಕೊಳ್ಳುತ್ತದೆ. ನೊರೆ ಬರಲಿಲ್ಲವೆಂದು ಇನ್ನಷ್ಟು ಸೋಪು ಉಜ್ಜಿದರೆ ಮಬ್ಬು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಹಳೆಯ ಸೋಪನ್ನು ತೆಗೆಯುವುದು. 10 ಲೀಟರ್ ಬಿಸಿನೀರಿಗೆ ಎರಡು ಮೂರು ದೊಡ್ಡ ಚಮಚ ವಾಷಿಂಗ್ ಸೋಡಾ (ಅಂದರೆ ಸೋಡಿಯಂ ಕಾರ್ಬೊನೇಟ್; ಅಡುಗೆ ಸೋಡಾ ಅಲ್ಲ) ಪೂರ್ತಿ ಕರಗಿಸಿ, ಹತ್ತಿಯ ಬಟ್ಟೆಯನ್ನು ಎರಡು ಗಂಟೆ ನೆನೆಸಬೇಕು. ಸೋಪು ಹಾಕದಿದ್ದರೂ ನೀರು ಕಲಗಚ್ಚಿನಂತೆ ಕದಡುತ್ತದೆ, ಬಟ್ಟೆ ಹಿಂಡಿದರೆ ಬೆರಳ ಸಂದಿಯಲ್ಲಿ ನೊರೆ ಏಳುತ್ತದೆ. ಅದೆಲ್ಲ ಹಿಂದಿನ ಒಗೆತಗಳಲ್ಲಿ ಉಳಿದುಹೋದ ಸೋಪು. ನೀರು ತಿಳಿಯಾಗುವವರೆಗೆ ಇದನ್ನೇ ಮತ್ತೆ ಮಾಡಿ, ಚೆನ್ನಾಗಿ ಜಾಲಿಸಿ, ಕೊನೆಯ ಬಕೆಟ್ ನೀರಿಗೆ ಅರ್ಧ ಲೋಟ ವಿನೆಗರ್ ಬೆರೆಸಿ ಅದ್ದಿ ತೆಗೆಯಬೇಕು. ನಮ್ಮ ಮಡಿವಾಳರು ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದಿ ಉಬ್ಬೆಗೆ (ಹಬೆಯಲ್ಲಿ ಬೇಯಿಸಲು) ಹಾಕುತ್ತಿದ್ದುದರ ಹಿಂದಿನ ತತ್ತ್ವವೂ ಇದೇ, ಏಕೆಂದರೆ ಚೌಳಿನಲ್ಲಿಯೂ ಸೋಡಿಯಂ ಕಾರ್ಬೊನೇಟ್ ಇರುತ್ತದೆ. ಆ ಅರಿವಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲವೆಂದೇ ನನ್ನ ಭಾವನೆ.

ಕೊರಳಪಟ್ಟಿ, ಕಂಕುಳು ಮತ್ತು ಹಳೆಯ ಮಡಿಕೆಗಳಲ್ಲಿ ಕಾಣುವ ಹಳದಿಗೆ ಬೆವರು ಹಾಗೂ ಮೈಯ ಜಿಡ್ಡು ಗಾಳಿಗೆ ಒಡ್ಡಿಕೊಂಡು ಬಣ್ಣಗೆಡುವುದು ಕಾರಣ. ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಆಕ್ಸಿಜನ್ ಬ್ಲೀಚ್ ಪುಡಿಯನ್ನು 50ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಕರಗಿಸಿ ಕೆಲವು ಗಂಟೆ ನೆನೆಸಿದರೆ ಇದು ಬಿಡುತ್ತದೆ. ತಣ್ಣೀರಿನಲ್ಲಿ ಆ ಪುಡಿಯ ಕೆಲಸ ತೀರ ನಿಧಾನ. ಕ್ಲೋರಿನ್ ಬ್ಲೀಚ್ ಬೆವರಿನ ಕಲೆಯನ್ನು ಇನ್ನಷ್ಟು ಹಳದಿಯಾಗಿಸಬಹುದು, ಟೆರಿಕಾಟ್ ಅಂಗಿಗೂ ಅದು ಒಳ್ಳೆಯದಲ್ಲ. ಬಳಸಲೇಬೇಕೆನಿಸಿದರೆ ಅದನ್ನು ವಿನೆಗರ್, ನಿಂಬೆರಸ ಅಥವಾ ಶೌಚಾಲಯ ತೊಳೆಯುವ ಆಸಿಡ್‌ನೊಡನೆ ಎಂದಿಗೂ ಬೆರೆಸಬಾರದು. ಅದರಿಂದ ಏಳುವ ಕ್ಲೋರಿನ್ ಅನಿಲ ಉಸಿರಿಗೆ ಅಪಾಯಕಾರಿ.

ಕಬ್ಬಿಣಾಂಶವಿರುವ ನೀರಿನಿಂದ ಬಿದ್ದ ತುಕ್ಕಿನ ಚುಕ್ಕೆಗಳು ಕ್ಲೋರಿನ್ನಿನಿಂದ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗಿ ಕೂರುತ್ತವೆ. ಅವುಗಳ ಮೇಲೆ ನಿಂಬೆರಸ, ಉಪ್ಪು ಹಾಕಿ ಬಿಸಿಲಿಗಿಟ್ಟು ಜಾಲಿಸಬೇಕು. ಮೈಸೂರು ರೇಷ್ಮೆಗೆ ಮೇಲಿನ ಯಾವ ವಿಧಾನವೂ ಸಲ್ಲದು. ಹತ್ತಿ ಪಂಚೆಯ ಅಂಚಿನಲ್ಲಿ ಜರಿಯಿದ್ದರೆ ಅಂಚನ್ನು ಬಕೆಟ್ಟಿನ ಹೊರಗೆ ಇಳಿಬಿಟ್ಟು ಉಳಿದ ಭಾಗವನ್ನಷ್ಟೇ ನೆನೆಸುವುದು ಲೇಸು.

ನೀಲಿ ಹಾಕುವುದು ಕೊನೆಯ ಹಂತ. ನೀಲಿಯು ಕೊಳೆಯನ್ನು ತೆಗೆಯುವುದಿಲ್ಲ; ಉಳಿದಿರುವ ನಸುಹಳದಿಯನ್ನು ತನ್ನ ಬಣ್ಣದಿಂದ ಮರೆಸಿ, ಬಟ್ಟೆ ಬೆಳ್ಳಗೆ ಕಾಣುವಂತೆ ಮಾಡುತ್ತದೆ. ಕೆಲವೇ ಹನಿಗಳನ್ನು ಬಕೆಟ್ ನೀರಿನಲ್ಲಿ ಚೆನ್ನಾಗಿ ಕದಡಿ, ಒದ್ದೆ ಬಟ್ಟೆಯ ಮಡಿಕೆ ಬಿಡಿಸಿ ಒಮ್ಮೆಲೇ ಅದ್ದಿ ತೆಗೆದರೆ ಮಚ್ಚೆ ಬೀಳುವುದಿಲ್ಲ. ಆಮೇಲೆ ಹತ್ತಿ ಬಟ್ಟೆಯನ್ನು ನೇರ ಬಿಸಿಲಿಗೆ ಹರಡಬೇಕು. ಅಪರೂಪಕ್ಕೆ ಉಡುವ ಪಂಚೆಗೆ ಗಂಜಿ ಹಾಕದೆ, ಪೂರ್ತಿ ಒಣಗಿದ ಮೇಲೆ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟು, ಗಂಜಿಯನ್ನು ಉಡುವ ಹಿಂದಿನ ದಿನ ಹಾಕಿಕೊಂಡರೆ ಸಾಕು.